ಅಮ್ಮ ಕೇಳಿ ಪಡೆದ ಬಸ್ ಸ್ಟಾಪು

ನಮ್ಮ ವಾರ್ಡಿನಲ್ಲಿ ಪಾಲಿಕೆಯ ಯಾವ ಕೆಲಸ ಮುಗಿದರೂ ನನಗೆ ಸ್ವಂತ ಮನೆಗೆ ಸುಣ್ಣ ಬಳಿದಷ್ಟು ಖುಷಿ. ಚರಂಡಿಗೆ ಹೊಸ ಚಪ್ಪಡಿ ಬಿದ್ದರೆ ಅದರ ಮೇಲೆ ಬೇಕೆಂದೇ ನಡೆದು ನೋಡುವವಳು ನಾನು. ಮನೆಯವರು ನಗುತ್ತಾರೆ. ನಗಲಿ. ತೆರಿಗೆ ಕಟ್ಟುವಾಗ ಅಷ್ಟು ಗೊಣಗುವ ಜನ ಕೆಲಸ ಆದಾಗ ಒಂದು ಒಳ್ಳೆ ಮಾತಾಡುವುದಿಲ್ಲವೆಂದು ನನಗೆ ಸಿಟ್ಟು.

ಕುಲಶೇಖರದ ನಮ್ಮ ಬಸ್ ತಂಗುದಾಣದ ಬಗ್ಗೆ ಮಾತ್ರ ನನ್ನ ಹೆಮ್ಮೆ ಇನ್ನೂ ಒಂದು ಕೈ ಹೆಚ್ಚು. ಅದನ್ನು ಕೇಳಿ ಪಡೆದವರಲ್ಲಿ ನನ್ನ ಅಮ್ಮನೂ ಒಬ್ಬರು.

ಮೊಣಕಾಲು ಕೈಕೊಟ್ಟ ಮೇಲೆ ಅಮ್ಮನಿಗೆ ಸಿಟಿ ಬಸ್ಸಿನ ಮೊದಲ ಮೆಟ್ಟಿಲು ಏರಲು ಆಗುತ್ತಿರಲಿಲ್ಲ. ಕೆಳಗಿನಿಂದ ನಾನು ನೂಕಬೇಕು, ಮೇಲಿನಿಂದ ಕಂಡಕ್ಟರ್ ಎಳೆಯಬೇಕು. "ನಾನೆಂತ ಅಕ್ಕಿ ಮೂಟೆಯಾ?" ಎಂದು ಒಂದು ದಿನ ಮುಖ ಕೆಂಪು ಮಾಡಿಕೊಂಡವರು, ವಾಮಂಜೂರಿನ ತಂಗಿಯ ಮನೆಗೆ ಹೋಗುವುದನ್ನೇ ಬಿಟ್ಟರು. ವಾರ ತಪ್ಪದೆ ಒಬ್ಬರೇ ಹೋಗಿ ಬರುತ್ತಿದ್ದವರು! ಅಲ್ಲಿ ಬಸ್ಸು ನಿಲ್ಲುವಲ್ಲಿ ಎತ್ತರದ ಕಟ್ಟೆಯಿದೆ, ಬರುವಾಗ ತೊಂದರೆಯಿಲ್ಲ. ತೊಡಕೆಲ್ಲ ನಮ್ಮ ಕಡೆಯದೇ. ರಿಕ್ಷಾ ಮಾಡೋಣವೆಂದರೆ ಕೇಳುವ ಜನ ಅವರಲ್ಲ.

ವಾರ್ಡ್ ಸಭೆಯಲ್ಲಿ ಎಲ್ಲರೂ ತಂಗುದಾಣ ಬೇಕೆಂದು ಕೂಗುತ್ತಿದ್ದಾಗ ಅಮ್ಮ ಎದ್ದು ನಿಂತರು. ಅಪ್ಪ ದೇವಸ್ಥಾನದ ಭಟ್ಟರು; ಭಟ್ಟರ ಹೆಂಡತಿ ಮೈಕ್ ಹಿಡಿದದ್ದನ್ನು ಊರು ಅದೇ ಮೊದಲು ನೋಡಿದ್ದು.

"ಮೇಲಿನ ಮಾಡು ಹೇಗೆ ಬೇಕಾದ್ರೂ ಇರ್ಲಿ. ನೆಲ ಮಾತ್ರ ಬಸ್ಸಿನ ಮೆಟ್ಟಿಲಿನಷ್ಟು ಎತ್ತರ ಮಾಡಿ ಕೊಡಿ."

ಹಾಗೆಯೇ ಮಾಡಿಕೊಟ್ಟರು. ಎತ್ತರದ ನೆಲ, ಅದಕ್ಕೆ ಹತ್ತಲು ಇಳಿಜಾರು, ಹಿಡಿಯಲು ಸ್ಟೀಲಿನ ಕಂಬಿ. ಟೇಪು ಕತ್ತರಿಸಿ ಲಾಡು ಹಂಚಿದ್ದೂ ಆಯಿತು. ಮರುದಿನ ಬೆಳಿಗ್ಗೆ ನೋಡಿದರೆ ಜನರೆಲ್ಲ ಮೊದಲಿನ ಹಾಗೆ ಸಾಹೇಬರ ಅಂಗಡಿಯೆದುರೇ ನಿಂತಿದ್ದರು.

ಸಾಹೇಬರು ಗಲ್ಫಿನಿಂದ ಮರಳಿದ ಮೇಲೆ ಹಾಕಿದ ಅಂಗಡಿ ಅದು, ತಂಗುದಾಣದಿಂದ ಸ್ವಲ್ಪ ಮುಂದೆ. ಅದರ ತಗಡಿನ ಮಾಡೇ ಇಷ್ಟು ವರ್ಷ ನಮ್ಮ ಸ್ಟಾಪು. ನಮ್ಮಲ್ಲಿ ಬಸ್ಸಿನವರು ಬೋರ್ಡು ನೋಡಿ ನಿಲ್ಲಿಸುವುದಿಲ್ಲ, ಜನ ನೋಡಿ ನಿಲ್ಲಿಸುತ್ತಾರೆ. ಜನವೋ, ಬಸ್ಸು ನಿಲ್ಲುವಲ್ಲಿಯೇ ನಿಲ್ಲುತ್ತಾರೆ. ಅಮ್ಮ ಹೊಸ ತಂಗುದಾಣದಲ್ಲಿ ಒಬ್ಬರೇ ಕೈ ಎತ್ತಿ ನಿಂತರು. ಬಸ್ಸು ಅವರೆದುರೇ ಸುಯ್ಯೆಂದು ಹೋಗಿ ಅಂಗಡಿಯ ಬಳಿ ನಿಂತಿತು. ಅದರ ಹಿಂದಿನದೂ ಹಾಗೆಯೇ.

ನನಗೆ ತಡೆಯಲಾಗಲಿಲ್ಲ. "ಅಲ್ಲಿ ಹೋಗಿ ನಿಲ್ಲಿಕ್ಕೆ ನಿಮಗೆಂತ ಕಷ್ಟ?" ಎಂದು ಗುಂಪಿನ ಮೇಲೆ ರೇಗಿದೆ.

"ಅಲ್ಲಿ ಬಸ್ಸು ನಿಲ್ಲುದಿಲ್ಲ ಅಕ್ಕಾ" ಎಂದರು.

ಸಾಹೇಬರು ಎಲ್ಲ ನೋಡುತ್ತಿದ್ದರು. ಬೆಳಗಿನ ಅವರ ಬಾಳೆಹಣ್ಣು, ಪೇಪರು, ಬಿಸ್ಕೀಟಿನ ವ್ಯಾಪಾರವೆಲ್ಲ ಆ ಗುಂಪಿನಿಂದಲೇ. ಅವರು ನಮ್ಮ ಪರ ಬಾಯಿಬಿಡುತ್ತಾರೆಂದು ನಾನೂ ಎಣಿಸಿರಲಿಲ್ಲ. ಅಮ್ಮ ಮನೆಗೆ ಬಂದು ಸೀರೆ ಬದಲಿಸಿದರು.

ಮರುದಿನ ಆಫೀಸಿನ ಹೊತ್ತಿಗೆ ಅಂಗಡಿಯ ಶಟರ್ ಕೆಳಗಿತ್ತು. ಮಾಡಿನಡಿ ಯಾರೂ ನಿಲ್ಲದ ಹಾಗೆ ಖಾಲಿ ಕ್ರೇಟುಗಳನ್ನು ಪೇರಿಸಿಟ್ಟು, ಸಾಹೇಬರು ರಸ್ತೆ ಬದಿಯಲ್ಲಿ ನಿಂತು ಜನರನ್ನು ಕೋಳಿ ಅಟ್ಟುವ ಹಾಗೆ ಅಟ್ಟುತ್ತಿದ್ದರು.

"ಹೋಗಿ ಮಾರಾಯ್ರೆ, ಅಷ್ಟು ಚಂದದ ಸ್ಟಾಪು ಉಂಟು!"

"ನಿಮ್ಮ ವ್ಯಾಪಾರ, ಸಾಹೇಬ್ರೇ?" ಎಂದೆ.

"ಹಣ್ಣು ಬೇಕಾದವ ನಡ್ಕೊಂಡು ಬರ್ತಾನೆ ಅಕ್ಕಾ. ಅಮ್ಮನಿಗೆ ಇಲ್ಲಿಂದ ಹತ್ಲಿಕ್ಕೆ ಆಗುದಿಲ್ಲ ಅಲ್ವಾ?"

ಇಂಥ ಊರಿನಲ್ಲಿ ನಾನಿದ್ದೇನಲ್ಲ ಎಂದು ಎದೆಯುಬ್ಬಿತು. ಓಡಿಹೋಗಿ ಅಮ್ಮನನ್ನು ಕರೆತಂದೆ.

ಗುಂಪು ಕಂಡ ಬಸ್ಸು ತಂಗುದಾಣಕ್ಕೆ ಒತ್ತಿ ನಿಂತಿತು. ಕಂಡಕ್ಟರ್ ಅಭ್ಯಾಸದಂತೆ ಕೈ ಚಾಚಿದ. ಅಮ್ಮ ಅದನ್ನು ನೋಡದವರ ಹಾಗೆ, ಹೊಸ್ತಿಲು ದಾಟುವಷ್ಟು ಸಲೀಸಾಗಿ ಮೆಟ್ಟಿಲಿಗೆ ಕಾಲಿಟ್ಟು ಒಳಗೆ ನಡೆದರು. ನಾನೂ ಹಿಂದೆಯೇ ಹತ್ತಿದೆ.

"ವಾಮಂಜೂರು ಎರಡಾ?" ಕಂಡಕ್ಟರ್ ಕೇಳಿದ.

"ಒಂದೇ" ಎಂದ ಅಮ್ಮ ನನ್ನತ್ತ ತಿರುಗಿದರು. "ನೀನು ಇಳಿ."