ಮುಂದಿನ ಸಾಲಿನ ನಾಲ್ಕು ಸೀಟು

ನನ್ನ ಮಗಳ ಕಾಲು ಮುರಿದದ್ದು ಊರಿನಿಂದ ಬಹಳ ದೂರ, ಕಠ್ಮಂಡುವಿನಲ್ಲಿ. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆ. ಪಶುಪತಿನಾಥನ ದರ್ಶನ ಮುಗಿಸಿ ಹೊಳೆಯ ಕಡೆ ಇಳಿಯುವಾಗ ಹಸಿ ಮೆಟ್ಟಿಲ ಮೇಲೆ ಅವಳು ಜಾರಿದಳು. ಕೆಳಗೆ ಬಿದ್ದವಳು ಕೂಗಲಿಲ್ಲ. ನಾನು ಹತ್ತಿರ ಹೋಗಿ ನೋಡಿದಾಗ ಮೊಣಕಾಲಿನ ಕೆಳಗೆ ಚರ್ಮ ಹರಿದು ಎಲುಬು ಹೊರಗೆ ಕಾಣುತ್ತಿತ್ತು. ಶಿವಲೀಲಾಳಿಗೆ ಆಗ ಹತ್ತು ವರ್ಷ.

ಬಸವಣ್ಣನಿಗೆ ನಡೆದುಕೊಳ್ಳುವ ಅಕ್ಕ-ತಂಗಿಯರು ಗುಡಿಯಲ್ಲಿ ಸಿಕ್ಕಾಗಲೆಲ್ಲ ಆ ಸಂಗತಿ ಕೇಳುತ್ತಾರೆ. ನಾನು ಅರ್ಧ ಹೇಳುವಷ್ಟರಲ್ಲಿ ಮಂಗಳಾರತಿಯ ಗಂಟೆ ಬಾರಿಸುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ, ಹೆಚ್ಚು ಕಡಿಮೆ ಮಾಡದೆ.

ನಮ್ಮದು ಗದಗ ತಾಲೂಕಿನ ಹರ್ತಿ. ನಮ್ಮವರು ಪ್ರಾಥಮಿಕ ಶಾಲೆಯ ಮಾಸ್ತರರು. ಮನೆಯಲ್ಲಿ ನಾವಿಬ್ಬರು, ಅತ್ತೆಯವರು, ಒಬ್ಬಳೇ ಮಗಳು. ಅತ್ತೆಯವರು ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದವರು. ದಿನಾ ಬಸವಣ್ಣನನ್ನು ಕಂಡ ಕಣ್ಣಿನಿಂದ ಒಮ್ಮೆ ಪಶುಪತಿಯನ್ನೂ ಕಾಣಬೇಕು ಎಂಬುದು ಅವರ ಬಹಳ ವರ್ಷಗಳ ಆಸೆ. ನೇಪಾಳಕ್ಕೆ ಹೋಗಲು ಪಾಸ್‌ಪೋರ್ಟ್ ಬೇಡ ಎಂದು ಯಾರೋ ನಮ್ಮವರಿಗೆ ಹೇಳಿದರು. ಆ ರಜೆಯಲ್ಲಿ ಹೊರಟೇಬಿಟ್ಟೆವು. ಗದಗಿನಲ್ಲಿ ರೈಲು ಹತ್ತಿ, ಅಲ್ಲಲ್ಲಿ ಗಾಡಿ ಬದಲಿಸಿ, ಗಡಿಯ ರಕ್ಸೌಲ್‌ನಲ್ಲಿ ಇಳಿದು, ಅಲ್ಲಿಂದಾಚೆ ಬಸ್ಸು. ಮುಂಡರಗಿ ಕಡೆಯ ಕಪ್ಪತಗುಡ್ಡವನ್ನೇ ದೊಡ್ಡದೆಂದು ತಿಳಿದಿದ್ದ ನಾನು ಆ ಘಟ್ಟದ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಕುಳಿತಿದ್ದೆ. ಬಸ್ಸು ಕುಲುಕಿದ ಕುಲುಕಿಗೆ ಮೈಯೆಲ್ಲ ನೋವು.

ಅಲ್ಲಿನ ಆಸ್ಪತ್ರೆಯಲ್ಲಿ ಎಲುಬು ಕೂಡಿಸಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಗಾಯ ತೊಳೆಯಲು ಅದರಲ್ಲೊಂದು ಕಿಂಡಿ ಬಿಟ್ಟಿದ್ದರು. ವೈದ್ಯರು ವಯಸ್ಸಾದವರು, ಮಗುವಿನ ತಲೆ ಸವರಿಯೇ ಮಾತು ಶುರುಮಾಡುವವರು. ಮೊದಮೊದಲು ಶಿವಲೀಲಾ ಗೆಲುವಾಗಿಯೇ ಇದ್ದಳು. ಆಮೇಲೆ ಜ್ವರ ಏರಿತು. ಕಿಂಡಿಯಿಂದ ಕೀವಿನ ವಾಸನೆ ಬರತೊಡಗಿತು. ವೈದ್ಯರು ನಮ್ಮವರನ್ನು ಹೊರಗೆ ಕರೆದು ಹಿಂದಿಯಲ್ಲಿ ತಿಳಿಸಿ ಹೇಳಿದರು. ಕೀವು ಎಲುಬಿಗೆ ಇಳಿದಿದೆ, ದಿಲ್ಲಿಯ ದೊಡ್ಡ ಆಸ್ಪತ್ರೆಗೆ ಬೇಗ ಒಯ್ದರೆ ಕಾಲು ಉಳಿಯಬಹುದು, ತಡವಾದರೆ ಜೀವ ಉಳಿಸಲು ಕಾಲನ್ನೇ ತೆಗೆಯಬೇಕಾದೀತು.

ನಮ್ಮವರು ಒಳಗೆ ಬಂದು ಮಂಚದ ತುದಿಯಲ್ಲಿ ನಿಂತರು.

"ಏನಂದ್ರೀ ಅವರು?" ಎಂದೆ.

"ದಿಲ್ಲಿಗೆ ಒಯ್ಯಬೇಕಂತ."

"ಮತ್ತ?"

"ಮತ್ತೇನಿಲ್ಲ. ಜಲ್ದಿ ಒಯ್ಯಬೇಕು."

ಉಳಿದದ್ದನ್ನು ಅವರು ಹೊರಗೆ ಹೋದಾಗ ನಾನೇ ಹಿಂದೆ ಹೋಗಿ ಕೇಳಿದೆ. ಹೇಳಿದರು. ನನಗೆ ಅಳು ಬರಲಿಲ್ಲ. ಎದುರಿಗೆ ಆಸ್ಪತ್ರೆಯ ಗೋಡೆಗೆ ಯಾರೋ ಬಟ್ಟೆ ಒಣಹಾಕಿದ್ದರು, ಅದನ್ನೇ ನೋಡುತ್ತ ನಿಂತಿದ್ದೆ.

ನಮ್ಮವರು ಒಂದು ಜೀಪು ಗೊತ್ತು ಮಾಡಿದರು. ಹಿಂದೆ ಹಾಸಿಗೆ ಹಾಸಿ ಮಗಳನ್ನು ಮಲಗಿಸಿಕೊಂಡು ಗಡಿಗೆ ಇಳಿಯುವುದು, ಅಲ್ಲಿಂದ ರೈಲು ಹಿಡಿಯುವುದು ಎಂದು ಮಾತಾಯಿತು. ಹೊರಡಬೇಕಾದ ಮುಂಜಾನೆ ಜೀಪಿನವನು ಬಂದು ಕೈ ಆಡಿಸಿದ. ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚಿಹೋಗಿತ್ತು.

ಆವತ್ತಿನಿಂದ ನನ್ನ ಪ್ರಾರ್ಥನೆ ಒಂದೇ ಆಯಿತು. ಬಸವಣ್ಣಾ, ದಾರಿ ಬಿಡಿಸು. ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುವಾಗ ಅದೇ, ಅವಳು ನರಳುವಾಗ ಅದೇ. ಬೇರೆ ಏನನ್ನೂ ಕೇಳಲಿಲ್ಲ. ನಮ್ಮವರು ಮುಂಜಾನೆ ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ ವಿಚಾರಿಸಿ ಬರುತ್ತಿದ್ದರು. ಮಣ್ಣು ತೆಗೆದಷ್ಟೂ ಮೇಲಿನಿಂದ ಮತ್ತೆ ಜಾರುತ್ತಿದೆ ಎಂಬುದೇ ಖಬರು. ಒಂದು ಸಂಜೆ ಹಾಗೆ ಬಂದವರು, ಲಿಂಗ ಕೈಯಲ್ಲಿ ಹಿಡಿದು ಕುಳಿತ ತಮ್ಮ ತಾಯಿಯನ್ನು ನೋಡಿ ಒಮ್ಮೆಲೇ ಸಿಡಿದರು.

"ಸಾಕು ಮಾಡವ್ವ! ಈ ಗುಡ್ಡಕ್ಕ ನಿನ್ನ ಬಸವಣ್ಣನ ಗುರ್ತ ಇಲ್ಲ. ನೀ ಎಷ್ಟ್ ಕೇಳಿದ್ರೂ ಅದು ಸರಿಯೂದಿಲ್ಲ."

ಅತ್ತೆಯವರು ಸಿಟ್ಟಾಗಲಿಲ್ಲ. "ನನಗೂ ಏನೂ ತಿಳಿವಲ್ದಪಾ," ಎಂದರು. "ಆದ್ರ ಕೇಳೂದ ಬಿಟ್ಟು ಕುಂತ ಏನ್ ಮಾಡ್ಲಿ? ನನಗ ಬ್ಯಾರೆ ಏನ್ ಬರತೈತಿ ಹೇಳು?"

ನಮ್ಮವರು ತಲೆ ತಗ್ಗಿಸಿ ಹೊರಗೆ ಹೋದರು.

ಉಳಿದದ್ದು ವಿಮಾನ. ರಸ್ತೆ ಮುಚ್ಚಿದ್ದರಿಂದ ಊರಿಗೆ ಊರೇ ವಿಮಾನದ ಕಚೇರಿಯ ಮುಂದೆ ನಿಂತಿತ್ತು. ನನ್ನ ಕೈಬಳೆಗಳು ಹೋದವು. ನಮ್ಮವರು ಕಾದು ಕಾದು, ವೈದ್ಯರ ಚೀಟಿ ತೋರಿಸಿ, ಅಂತೂ ನಾಲ್ಕು ಟಿಕೆಟು ತಂದರು. ಎಲ್ಲಕ್ಕಿಂತ ಹಿಂದಿನ ಸಾಲುಗಳಲ್ಲಿ, ಒಂದು ಇಲ್ಲಿ ಒಂದು ಅಲ್ಲಿ. ದಿಲ್ಲಿಗೆ ಎರಡು ತಾಸೂ ಹಿಡಿಯುವುದಿಲ್ಲ ಎಂದರು. ನಮ್ಮ ಮನೆತನದಲ್ಲಿ ಯಾರೂ ವಿಮಾನವನ್ನು ಹತ್ತಿರದಿಂದ ಕಂಡವರಲ್ಲ. ಆದರೆ ಆಗ ನಮಗೆ ಅದರ ಕೌತುಕವೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ.

ವಿಮಾನ ನಿಲ್ದಾಣದಲ್ಲಿ ಟಿಕೆಟು ನೋಡುವ ಅಧಿಕಾರಿ ನಮ್ಮವರ ತೋಳಿನಲ್ಲಿದ್ದ ಮಗಳನ್ನು ನೋಡಿದರು. ಸೆಟೆದು ನಿಂತ ಬಿಳಿ ಕಾಲನ್ನು ನೋಡಿದರು.

"ಈ ಕಾಲು ಮಡಚುವುದಿಲ್ಲವೆ?" ಎಂದು ಹಿಂದಿಯಲ್ಲಿ ಕೇಳಿದರು.

ಇಲ್ಲ ಎಂದು ನಮ್ಮವರು ಹೇಳಿದರು. ಹಿಂದಿನ ಸಾಲುಗಳು ಇಕ್ಕಟ್ಟು, ಕಾಲು ನೀಡಲು ಜಾಗವಿಲ್ಲ, ಓಡಾಡುವ ದಾರಿಗೆ ಅಡ್ಡ ಬರುವ ಹಾಗಿಲ್ಲ, ಮಲಗಿಸಿ ಒಯ್ಯಬೇಕೆಂದರೆ ಸೀಟು ಬಿಚ್ಚಬೇಕು, ಅದಕ್ಕೆ ಮೊದಲೇ ತಿಳಿಸಬೇಕಿತ್ತು ಎಂದರು ಅವರು. ದನಿಯಲ್ಲಿ ದರ್ಪವಿರಲಿಲ್ಲ. "ಇವತ್ತು ಕರೆದೊಯ್ಯಲು ಆಗುವುದಿಲ್ಲ. ನನ್ನ ಕೈಯಲ್ಲಿಲ್ಲ." ನಮ್ಮವರು ಮಗಳನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಮತ್ತೆ ಹೋಗಿ ಕೈ ಮುಗಿದರು. ಅಧಿಕಾರಿ ಆ ಕೈಗಳನ್ನು ಹಿಡಿದು ಕೆಳಗೆ ಇಳಿಸಿ, ಮುಂದೆ ನಿಂತವರ ಕಡೆ ತಿರುಗಿದರು.

ನಾವು ಒಂದು ಬೆಂಚಿನ ಮೇಲೆ ಕುಳಿತೆವು. ಮಗಳ ಮೈ ಸುಡುತ್ತಿತ್ತು.

"ಅವ್ವಾ, ನನ್ನ ಒಬ್ಬಾಕಿನ್ನ ಬಿಟ್ಟು ಹೊಕ್ಕೀರೇನು?" ಎಂದಳು.

"ಇಲ್ಲವಾ. ಯಾರೂ ಎಲ್ಲಿಗೂ ಹೋಗೂದಿಲ್ಲ."

ಅದು ನಿಜವೂ ಆಗಿತ್ತು. ಅಲ್ಲಿ ಕುಳಿತಾಗ ನನಗೆ ಪ್ರಾರ್ಥನೆ ಬರಲಿಲ್ಲ. ದಾರಿ ಬಿಡಿಸು ಎಂಬ ಮಾತು ಬಾಯಿಯ ತನಕ ಬಂದು ನಿಂತಿತು. ಯಾವ ದಾರಿಯನ್ನು ಕೇಳಬೇಕು ಎಂಬುದೇ ತಿಳಿಯದಾಯಿತು. ಮಗಳ ಮುಖ ನೋಡಿದೆ. "ಬಸವಣ್ಣಾ, ನೀನ ನೋಡು" ಎಂದೆ. ಅಷ್ಟೇ.

ಜನವೆಲ್ಲ ಒಳಗೆ ಹೋಗಿಯಾಗಿತ್ತು. ನಮ್ಮವರು ಗಂಟು ಎತ್ತಿಕೊಳ್ಳುತ್ತಿದ್ದರು. ಆಗ ಆ ಅಧಿಕಾರಿ ಅವಸರವಾಗಿ ನಮ್ಮ ಕಡೆಗೇ ಬಂದರು.

"ನೀವು ನಾಲ್ವರು ಅಲ್ಲವೆ? ಏಳಿ, ಬೇಗ."

ನಮ್ಮವರಿಗೆ ಅರ್ಥವಾಗಲಿಲ್ಲ. ಅಧಿಕಾರಿ ನಡೆಯುತ್ತಲೇ ಹೇಳಿದರು. ವಿಮಾನದ ಮುಂಭಾಗದಲ್ಲಿ ಬಿಸಿನೆಸ್ ಕ್ಲಾಸ್ ಎಂದು ಬೇರೆ ದರ್ಜೆ ಇದೆ, ಅದರ ಮೊದಲ ಸಾಲಿನ ನಾಲ್ಕು ಸೀಟನ್ನು ಒಬ್ಬ ವ್ಯಾಪಾರಸ್ಥರ ಮನೆಯವರು ಹಿಡಿದಿದ್ದರು, ಅವರೀಗ ಬರಲಾಗುವುದಿಲ್ಲ ಎಂದು ಫೋನು ಬಂದಿದೆ. "ಮೊದಲ ಸಾಲಿನ ಮುಂದೆ ಗೋಡೆಯ ತನಕ ಜಾಗವಿದೆ, ಕಾಲು ನೀಡಬಹುದು. ನಮ್ಮ ಮೇಲಿನವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ನೀವು ಹೆಚ್ಚಿಗೆ ಏನೂ ಕೊಡಬೇಕಿಲ್ಲ."

"ಅವರು ಯಾಕೆ ಬರಲಿಲ್ಲ?" ಎಂದು ನಮ್ಮವರು ಕೇಳಿದರು.

"ಕೆಳಗೆ ಗಡಿಯ ಹತ್ತಿರದ ಬೀರಗಂಜಿಗೆ ಹೋಗಿದ್ದರಂತೆ. ಇವತ್ತು ರಸ್ತೆ ಬಿಡುತ್ತದೆಂದು ನಂಬಿ ಹೊರಟಿದ್ದಾರೆ. ಬಿಟ್ಟಿಲ್ಲ. ಕುಸಿದ ಗುಡ್ಡದ ಆಚೆ ಸಿಕ್ಕಿಬಿದ್ದಿದ್ದಾರೆ."

ನಮ್ಮವರು ನಡೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನೂ ನೋಡಿದೆ.

ಆ ಸೀಟುಗಳು ನಮ್ಮ ಊರಿನ ಸಾಹುಕಾರರ ಮನೆಯ ಆರಾಮಕುರ್ಚಿಗಿಂತ ಅಗಲವಾಗಿದ್ದವು. ಇಬ್ಬರು ಗಗನಸಖಿಯರು ದಿಂಬು, ಕಂಬಳಿ ತಂದು ಒಂದರ ಮೇಲೊಂದು ಒಟ್ಟಿ ಮಗಳ ಕಾಲನ್ನು ನೆಟ್ಟಗೆ ಇಡಿಸಿದರು, ಸೀಟನ್ನು ತುಸು ಹಿಂದಕ್ಕೆ ವಾಲಿಸಿದರು. ಸುತ್ತ ಇದ್ದವರೆಲ್ಲ ಸೂಟು ಹಾಕಿದವರು. ನಮ್ಮ ಮೈಮೇಲೆ ಆಸ್ಪತ್ರೆಯ ನೆಲದ ಮೇಲೆ ಮಲಗಿ ಎದ್ದ ಬಟ್ಟೆ. ಕೀವಿನ ವಾಸನೆಗೆ ಪಕ್ಕದ ಒಬ್ಬರು ಕರವಸ್ತ್ರವನ್ನು ಮೂಗಿಗೆ ಹಿಡಿದರು. ಅವರ ತಪ್ಪೇನಿಲ್ಲ. ಹಿಂದಿನ ಸಾಲಿನ ಒಬ್ಬ ಹೆಂಗಸು ತಮ್ಮ ಶಾಲು ತೆಗೆದು ಮಗಳಿಗೆ ಹೊದಿಸಿದರು.

ವಿಮಾನ ಮೇಲೇರಿದ ಮೇಲೆ ತಟ್ಟೆಯಲ್ಲಿ ಬಿಸಿ ಬಿಸಿ ಒದ್ದೆ ಬಟ್ಟೆಯ ಸುರುಳಿಗಳನ್ನು ತಂದರು. ಅದು ತಿನ್ನುವುದೋ ಏನೋ ಎಂದು ಅತ್ತೆಯವರು ಕೈಯಲ್ಲಿ ಹಿಡಿದೇ ಕುಳಿತರು. ಬೇರೆಯವರನ್ನು ನೋಡಿ, ನಾನು ಅದರಿಂದ ಮಗಳ ಮುಖ ಒರೆಸಿದೆ. ಆಮೇಲೆ ಊಟ ಬಂತು. ಅತ್ತೆಯವರು ಬೇಡವೆಂದು, ಕುಡಿಯಲು ನೀರು ಕೊಟ್ಟ ಗಗನಸಖಿಗೆ ಕೊರಳಿನ ಲಿಂಗ ತೋರಿಸಿ, ಪೂಜೆಗೆ ಬೇರೆ ನೀರು ಬೇಕೆಂದು ಸನ್ನೆ ಮಾಡಿದರು. ಅವಳಿಗೆ ಏನು ತಿಳಿಯಿತೋ, ಇನ್ನೊಂದು ಗಾಜಿನ ಲೋಟದಲ್ಲಿ ನೀರನ್ನು ಬಿಳಿ ಬಟ್ಟೆಯ ಮೇಲಿಟ್ಟು ತಂದಳು. ಅತ್ತೆಯವರು ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿದರು.

ಪೂಜೆ ಮುಗಿಸಿ ಮಗನನ್ನು ಕೇಳಿದರು. "ಇವು ಖರೆ ಯಾರ ಜಾಗಾನಪಾ? ನಾವು ಯಾರ ಜಾಗಾದಾಗ ಕುಂತೇವಿ?"

ನಮ್ಮವರು ಹೇಳಿದರು. ಅತ್ತೆಯವರು ಲಿಂಗವನ್ನು ಮತ್ತೆ ಅಂಗೈಗೆ ತೆಗೆದುಕೊಂಡರು.

"ಅವರ ಮನ್ಯಾಗೂ ಸಣ್ಣವು ಇರಬೇಕು. ಮಳ್ಯಾಗ ಕುಂತಾವೊ ಏನೊ," ಎಂದು ಮತ್ತೆ ಕಣ್ಣು ಮುಚ್ಚಿದರು. "ಬಸವಣ್ಣಾ, ಅವರೂ ಸುಖದಿಂದ ಮನಿ ಮುಟ್ಟಲಿ."

ಆಗ ಶಿವಲೀಲಾ ಕಿಟಕಿಯ ಕಡೆ ತಿರುಗಿದ್ದಳು. ದೂರದಲ್ಲಿ ಹಿಮದ ಗುಡ್ಡಗಳ ಸಾಲು. "ಅವ್ವಾ, ಹತ್ತಿ ಹಿಂಜಿ ಒಣಗಾಕ ಹಾಕ್ಯಾರ ನೋಡು," ಎಂದಳು. ಜ್ವರ ಬಂದ ಮೇಲೆ ಅವಳು ನೋವಿನ ಹೊರತು ಬೇರೆ ಮಾತಾಡಿದ್ದು ಅದೇ ಮೊದಲು. ನನಗೆ ಆಗ ಅಳು ಬಂತು.

ದಿಲ್ಲಿಯಲ್ಲಿ ಇಳಿದವರನ್ನು ಆಂಬುಲೆನ್ಸಿನಲ್ಲಿ ನೇರವಾಗಿ ಆಸ್ಪತ್ರೆಗೆ ಒಯ್ದರು. ಅದೇ ದಿನ ಆಪರೇಷನ್ ಆಯಿತು. ಕೆಟ್ಟ ಎಲುಬಿನ ಚೂರು ತೆಗೆದು, ಕೀವು ತೊಳೆದರು. ಮುಂದೆ ಇನ್ನೊಂದು ಆಪರೇಷನ್. ಶಾಲೆಗಳು ಶುರುವಾಗಿ ಎಷ್ಟೋ ದಿನಗಳಾದ ಮೇಲೂ ನಾವು ಅಲ್ಲೇ ಇದ್ದೆವು. ಕೊನೆಗೊಂದು ಮುಂಜಾನೆ ವೈದ್ಯರು ಮಗಳ ಹೆಬ್ಬೆರಳನ್ನು ಮುಟ್ಟಿ, "ಕಾಲು ಉಳಿಯಿತು" ಎಂದರು.

ಅದಾದ ಮೇಲೆ ಅವರು, ಕಠ್ಮಂಡುವಿನಿಂದ ಹೇಗೆ ಕರೆತಂದಿರಿ ಎಂದು ಕೇಳಿದರು. ನಮ್ಮವರು ಎಲ್ಲ ಹೇಳಿದರು. ಜೀಪು ಗೊತ್ತು ಮಾಡಿದ್ದನ್ನೂ ಹೇಳಿದರು. ವೈದ್ಯರು ತಲೆ ಅಲ್ಲಾಡಿಸಿದರು. ಆ ಸ್ಥಿತಿಯಲ್ಲಿ ಘಟ್ಟದ ದಾರಿಯಲ್ಲಿ ಕುಲುಕಿಸಿಕೊಂಡು, ಆಮೇಲೆ ಅಷ್ಟು ದೂರ ರೈಲಿನಲ್ಲಿ ತಂದಿದ್ದರೆ ಕಾಲಿನ ಮಾತು ಹಾಗಿರಲಿ, ಮಗು ದಿಲ್ಲಿ ಮುಟ್ಟುತ್ತಿತ್ತು ಎಂದು ತಾನು ಹೇಳಲಾರೆ ಎಂದರು.

ನಮ್ಮವರು ಅದನ್ನು ನನಗೆ ಕನ್ನಡದಲ್ಲಿ ಹೇಳಿದರು. ಆ ದಾರಿಯನ್ನೇ ನಾನು ದಿನವೂ ಬೇಡಿದ್ದೆ. ಕೊಡು, ಕೊಡು ಎಂದು ಹಟ ಹಿಡಿದು ಬೇಡಿದ್ದೆ. ಅವನು ಕೊಡಲಿಲ್ಲ. ಕೊಡದೆ ಇದ್ದದ್ದಕ್ಕೆ ಅವನ ಮೇಲೆ ಮುನಿಸಿಕೊಂಡಿದ್ದೆ.

ನಮ್ಮವರು ಈಗಲೂ, "ಮಳಿ ಬಂತು, ಗುಡ್ಡ ಬಿತ್ತು, ಸೀಟು ಖಾಲಿ ಆತು. ಅಷ್ಟ," ಎನ್ನುತ್ತಾರೆ. ನಾನು ವಾದಿಸುವುದಿಲ್ಲ. ಊರಿಗೆ ಬಂದ ದಿನ, ಮನೆಗೆ ಹೋಗುವ ಮೊದಲೇ ಗುಡಿಗೆ ಹೋಗಿ ಬಸವಣ್ಣನ ಮುಂದೆ ಅಡ್ಡಬಿದ್ದವರು ಅವರೇ. ಬಹಳ ಹೊತ್ತು ಏಳಲಿಲ್ಲ.

ಒಂದು ಮಾತನ್ನು ಮಾತ್ರ ನಾನು ಹೇಳಲಾರೆ. ನಮಗಾಗಿ ಬಸವಣ್ಣ ಆ ಮನೆಯವರನ್ನು ಗುಡ್ಡದ ಆಚೆ ನಿಲ್ಲಿಸಿದ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವನ ಲೆಕ್ಕ ನನಗೆ ತಿಳಿಯದು. ಅವರ ಹೆಸರು ಸಹ ನಮಗೆ ಗೊತ್ತಿಲ್ಲ. ಅತ್ತೆಯವರು ಇರುವ ತನಕ ಪ್ರತಿ ಸೋಮವಾರ ಬಸವಣ್ಣನಿಗೆ ಆ ಮನೆಯವರ ಪಾಲಿನದೆಂದು ಒಂದು ಹೂವು ಬೇರೆಯಾಗಿ ಏರಿಸುತ್ತಿದ್ದರು. ಈಗ ನಾನು ಏರಿಸುತ್ತೇನೆ. ನನ್ನ ಮಟ್ಟಿಗೆ ಬದಲಾದದ್ದು ಇಷ್ಟು: ಕಷ್ಟ ಬಂದರೆ ಅವನ ಮುಂದೆ ಕಷ್ಟವನ್ನು ಹೇಳಿಕೊಳ್ಳುತ್ತೇನೆ, ದಾರಿಯನ್ನು ಹೇಳಿಕೊಡುವುದಿಲ್ಲ. ಅವನ ಉಪಕಾರವನ್ನು ಹೊತ್ತುಕೊಂಡೇ ನಾವು ಮೂವರೂ ಅನ್ನ ಉಣ್ಣುತ್ತಿದ್ದೇವೆ.

ಶಿವಲೀಲಾ ಈಗ ಹೈಸ್ಕೂಲಿನಲ್ಲಿದ್ದಾಳೆ. ಮುರಿದಿದ್ದ ಎಡಗಾಲು ಬೆರಳಗಲದಷ್ಟು ಗಿಡ್ಡ. ಮೊನ್ನೆ ಅಡರಕಟ್ಟಿಯ ತಂಗಿಯ ಮನೆಗೆ ಹೋಗಲು ಗದಗ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಲಕ್ಷ್ಮೇಶ್ವರದ ಬಸ್ಸು ಒಳಗೆ ಬಂತು, ಜನ ಮುಗಿಬಿದ್ದರು. ಇವಳು ನನ್ನ ಕೈ ಬಿಡಿಸಿಕೊಂಡು, ಒಂದು ಕಡೆ ತುಸು ವಾಲುತ್ತ, ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಓಡಿದಳು. ನಾನು ಇದ್ದಲ್ಲೇ ನಿಂತು ಅವಳು ಓಡುವುದನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಅವಳ ತಲೆ ಹೊರಗೆ ಬಂತು.

"ಏ ಅವ್ವಾ, ಏನ್ ನೋಡಕೋಂತ ನಿಂತಿ? ಜಲ್ದಿ ಬಾ, ನಿನಗ ಜಾಗಾ ಹಿಡದೇನಿ!"