ಬಲೆ ಹೊಲಿಯುವ ಹೆಂಗಸರ ಮೂರನೆಯ ಅಚ್ಚು

ಅಚ್ಚುಚಿತ್ರ ಮಾಡುವ ಬೌಕ್ಯ ತನ್ನ ತಾಮ್ರದ ತಗಡುಗಳನ್ನೆಲ್ಲ ಸಿಟ್ಟಿನ ಭರದಲ್ಲಿ ಕಡಲಿಗೆ ಎಸೆದಳೆಂಬ ಸುದ್ದಿ ಹಾರ್ಲಿಂಗನ್ ಬಂದರಿನಲ್ಲಿ ಇಂದಿಗೂ ಓಡಾಡುತ್ತಿದೆ. ಎಸೆದದ್ದನ್ನು ಕಣ್ಣಾರೆ ಕಂಡವರೂ ಇದ್ದಾರಂತೆ. ಆದರೆ ಬೌಕ್ಯ ಏನನ್ನೂ ಎಸೆಯುವ ಪೈಕಿಯವಳಲ್ಲ. ಮೇಣ ಬಳಿದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಮ್ಲದಲ್ಲಿ ಮುಳುಗಿಸಿ, ಮಸಿ ತುಂಬಿ ಮೂರೋ ನಾಲ್ಕೋ ಅಚ್ಚು ತೆಗೆದಳೆಂದರೆ, ಅದೇ ತಗಡನ್ನು ಇದ್ದಿಲಿನಿಂದ ಉಜ್ಜಿ ನುಣುಪಾಗಿಸಿ ಮುಂದಿನ ಚಿತ್ರಕ್ಕೆ ಕೂರುವಳು. ತಾಮ್ರ ದುಬಾರಿ. ಅಚ್ಚುಗಳೆಲ್ಲ ನೆರೆಹೊರೆಯವರಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಹೋದವು.

ಅವಳ ಅರವತ್ತೆರಡನೆಯ ವಯಸ್ಸಿನಲ್ಲಿ ಊರಿನ ಸಂಗ್ರಹಾಲಯ ಮೊದಲ ಬಾರಿಗೆ ಅವಳ ಪ್ರದರ್ಶನ ಏರ್ಪಡಿಸಿದಾಗ, ಅವಳ ಬಳಿ ಅವಳದೇ ಚಿತ್ರಗಳಿರಲಿಲ್ಲ. ಕೊಟ್ಟ ಅಚ್ಚುಗಳನ್ನು ಕೇಳಿ ತರಲು ಸೈಕಲ್ ಏರಿ ಮನೆಮನೆಗೆ ಹೋದಳು. ಹೋದಲ್ಲೆಲ್ಲ ಒಂದು ಕಪ್ ಕಾಫಿ, ಒಂದೇ ಒಂದು ಬಿಸ್ಕತ್ತು. ಆಮೇಲೆ ಮನೆಯವರು ಕೈ ತೋರಿಸಿದ್ದು ಕಕ್ಕಸಿನ ಕಡೆಗೆ. ನಲವತ್ತು ವರ್ಷದ ದುಡಿಮೆ, ಆ ಊರಿನವರು ನೆಂಟರಿಷ್ಟರ ಹುಟ್ಟುಹಬ್ಬ ಮರೆಯದಿರಲು ಕಕ್ಕಸಿನಲ್ಲೇ ತೂಗುಹಾಕುವ ಕ್ಯಾಲೆಂಡರಿನ ಪಕ್ಕ, ಮೊಳೆಗೆ ನೇತುಬಿದ್ದಿತ್ತು.

ಅವಳಿಗೆ ನಿಜವಾಗಿ ಬೇಕಿದ್ದದ್ದು ಒಂದೇ ಚಿತ್ರ: ಬಲೆ ಹೊಲಿಯುವ ಹೆಂಗಸರು. ತಾನು ಮಾಡಿದ್ದರಲ್ಲಿ ಉಳಿಯತಕ್ಕದ್ದು ಅದೊಂದೇ ಎಂದು ಅವಳು ನಂಬಿದ್ದಳು. ಅದಿಲ್ಲದ ಪ್ರದರ್ಶನ ಬೇಡವೇ ಬೇಡ ಎನ್ನುವಷ್ಟು. ತೆಗೆದ ಮೂರು ಅಚ್ಚುಗಳಲ್ಲಿ ಎರಡು ಒದ್ದೆಗೆ ಹಾಳಾಗಿದ್ದವು. ಮೂರನೆಯದು ತೂಬಿನ ಕಾವಲುಗಾರನಾಗಿ ನಿವೃತ್ತನಾದ ವೀಬೆಯ ಕಕ್ಕಸಿನಲ್ಲಿತ್ತು.

"ಕೊಡಲ್ಲ," ಎಂದ ವೀಬೆ.

"ಆರು ವಾರ ಕೊಡೋ, ಮಾರಾಯ. ದೊಡ್ಡ ಗೋಡೆ ಮೇಲೆ ಹಾಕ್ತಾರೆ. ಜನ ನಿಂತ್ಕೊಂಡು ನೋಡ್ತಾರೆ."

"ನಿಂತು ನೋಡೋರು ಎಷ್ಟು ಹೊತ್ತು ನೋಡ್ತಾರೆ? ನಾನು ಹದಿನೆಂಟು ವರ್ಷದಿಂದ ದಿನಾ ಬೆಳಿಗ್ಗೆ ಕೂತು ನೋಡ್ತಿದೀನಿ."

"ಕೂತಿರೋದು ಅದಕ್ಕಲ್ಲವಲ್ಲ!"

"ಹಾಗಾದ್ರೆ ಒಂದು ಮಾತು ಹೇಳು. ನಾಲ್ಕು ಹೆಂಗಸರೂ ಎಡಗೈಯಲ್ಲಿ ಹೊಲೀತಿದಾರೆ. ನಮ್ಮ ಬಂದರಲ್ಲಿ ಎಡಚರ ಸಂಘ ಯಾವಾಗ ಶುರುವಾಯ್ತು?"

ಬೌಕ್ಯ ಕಕ್ಕಸಿನೊಳಗೆ ತಲೆ ಹಾಕಿ ನೋಡಿದಳು: ಹೌದು, ಎಡಗೈ. ಕಂಡದ್ದನ್ನು ಕಂಡಂತೆ ತಗಡಿನ ಮೇಲೆ ಗೀರಿದರೆ ಕಾಗದದಲ್ಲಿ ಎಡಬಲ ಅದಲುಬದಲಾಗುತ್ತದೆ. ಕಸುಬಿನ ಮೊದಲ ದಿನದ ಪಾಠ. ಅಂದು ಅವಸರದಲ್ಲಿ ಮರೆತಿದ್ದಳು, ಮತ್ತೆಂದೂ ಗಮನಿಸಿರಲಿಲ್ಲ. ಸಂಗ್ರಹಾಲಯದ ನಿರ್ದೇಶಕ ಈ ಚಿತ್ರದ ಛಾಯಾಚಿತ್ರವನ್ನು ಎರಡು ಸಲ ನೋಡಿ "ಎಂಥ ಆಳ!" ಎಂದಿದ್ದ. ಮೆಚ್ಚಿದವನಿಗೆ ಕಣ್ಣಿಲ್ಲ, ಕಣ್ಣಿದ್ದವನು ಕಕ್ಕಸಿನಲ್ಲಿ ಕೂತಿದ್ದಾನೆ. ಯಾರ ಮೇಲೆ ರೇಗಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಇಷ್ಟು ವರ್ಷ ಯಾಕೋ ಹೇಳಲಿಲ್ಲ?"

"ನೀನು ಕೇಳಲಿಲ್ಲ. ಮತ್ತೆ, ತಪ್ಪಿದ್ರೂ ಅವರು ಹೊಲೀತಾನೇ ಇದಾರೆ. ಆ ಮೂಲೆಯವಳಿಗೆ ಬೆನ್ನುನೋವು, ಅಲ್ವಾ?"

ನಿಜ, ಆ ಹೆಂಗಸಿಗೆ ಬೆನ್ನುನೋವಿತ್ತು. ಗೀರುವಾಗ ಬೌಕ್ಯ ಆ ನೋವನ್ನು ಬಿಟ್ಟು ಬೇರೆ ಏನನ್ನೂ ಯೋಚಿಸಿರಲಿಲ್ಲ.

ಅವಳು ಚಿತ್ರ ಒಯ್ಯಲು ತಂದಿದ್ದ ಕೈಚೀಲವನ್ನು ಮಡಚಿ, "ಇಟ್ಕೋ, ಹಟಮಾರಿ ಮುದುಕ," ಎಂದು ಬೈದು ಹೊರಟಳು. ನಿರ್ದೇಶಕ ಗೋಗರೆದರೂ ಮತ್ತೆ ಕೇಳಲು ಹೋಗಲಿಲ್ಲ.

ಪ್ರದರ್ಶನ ಹದಿನೇಳು ಚಿತ್ರಗಳೊಡನೆ ನಡೆಯುತ್ತಿದೆ. ಬಲೆ ಹೊಲಿಯುವ ಹೆಂಗಸರನ್ನು ನೋಡಬೇಕೆಂದವರಿಗೆ ಬಾಗಿಲಲ್ಲೇ ವೀಬೆಯ ಮನೆಯ ವಿಳಾಸ ಕೊಡುತ್ತಾರೆ. ಗುರುವಾರ ಮಾತ್ರ ಹೋಗಬೇಡಿ ಎನ್ನುತ್ತಾರೆ, ಅಂದು ಅವನು ಮನೆಯಲ್ಲಿರುವುದಿಲ್ಲ.