ಮಿರ್ಚಿ ಅಂಗಡಿಯ ಗೋಲ್‌ಕೀಪರ್

ತೊಂಬತ್ತರ ದಶಕದಲ್ಲಿ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಎದುರು ಮಿರ್ಚಿ ಕರಿಯುತ್ತಿದ್ದ ಅವರು ಹಿಂದೆ ಹುಬ್ಬಳ್ಳಿಯ ಒಂದು ಹಾಕಿ ತಂಡದಲ್ಲಿ ಸಂಬಳಕ್ಕೆ ಇದ್ದವರು. ಅವರ ಮುಖ ಈಗ ಸರಿಯಾಗಿ ನೆನಪಿಲ್ಲ. ಬರೆಯಲು ಹೋದರೆ ಬೇರೆ ಯಾರದೋ ಮೀಸೆ ಬಂದು ಕೂರುತ್ತದೆ. ಕಾಲು ಮಾತ್ರ ನೆನಪಿದೆ. ಉಳ್ಳಾಗಡ್ಡಿ ಉರುಳಿದರೆ ಕೈ ಚಾಚುತ್ತಿರಲಿಲ್ಲ, ಪಾದ ಅಡ್ಡ ಇಟ್ಟು ತಡೆಯುತ್ತಿದ್ದರು. "ಮುಂದ ಕೇಳ್ರಿ" ಎನ್ನುತ್ತ, ಫೈನಲ್‌ನಲ್ಲಿ ತಾವು ಗೋಲು ಕಾಯ್ದ ಕಥೆಯನ್ನು ದಿನವೂ ಹೇಳುತ್ತಿದ್ದರು. ಅದನ್ನು ಕೇಳಲೆಂದೇ ನಾವು ಇನ್ನೊಂದು ಪ್ಲೇಟ್ ತೆಗೆದುಕೊಳ್ಳುತ್ತಿದ್ದೆವು.

ಒಂದು ಸಂಜೆ ಅವರ ಹಳೆಯ ತಂಡದ ಗೆಳೆಯನೊಬ್ಬ ಬಸ್ಸಿಳಿದು ಬಂದ. ಕಥೆ ಅರ್ಧಕ್ಕೆ ಬಂದಾಗ ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ನಕ್ಕ.

"ಲೇ, ಗೋಲಿನ್ಯಾಗ ನೀ ಎಲ್ಲಿದ್ದೆಲೇ? ಅಷ್ಟೂ ವರ್ಷ ಬೆಂಚಿನ ಮ್ಯಾಲೆ ಕುಂತಾವ! ಒಂದ್ ಮ್ಯಾಚರ ಆಡೀಯೇನು?"

ನಾವೆಲ್ಲ ಅವರ ಕಡೆ ನೋಡಿದೆವು. ಅವರು ಜಾಲರಿ ಸೌಟಿನಿಂದ ಮಿರ್ಚಿ ಎತ್ತಿ, ಎಣ್ಣೆ ಬಸಿದು, ಗೆಳೆಯನ ತಟ್ಟೆಗೇ ಮೊದಲು ಹಾಕಿದರು.

"ಆಡಿಲ್ಲ," ಎಂದರು. "ಆದ್ರ ಮ್ಯಾಚ್ ಮುಗಿಯೋತನಕ ಒಂದಿನಾನೂ ಕಾಲಾಗಿನ ಪ್ಯಾಡ್ ಬಿಚ್ಚಿಲ್ಲಲೇ. ಯಾವಾಗ ಕರೀತಾರೋ ಅಂತ."